ಮರಳ ನಡುವೆ ಮಹಿಳೆಯರ ಸರೋವರ

ಒಣ ಸಿಗಡಿಯ ಚಟ್ನಿ ಇದ್ದರೆ ಗಂಜಿ ನಾಲ್ಕು ತುತ್ತು ಹೆಚ್ಚೇ ಇಳಿಯುತ್ತದೆ. ಕರಾವಳಿಯ ಸಹೋದರಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಕಡಲಿನಿಂದ ನೂರಾರು ಕಿಲೋಮೀಟರ್ ದೂರದ ಮರುಭೂಮಿಯಲ್ಲಿ ಸಿಗಡಿ ಹಿಡಿದು ಒಣಗಿಸುತ್ತಿದ್ದ ಮಹಿಳೆಯರ ಬಗ್ಗೆ ನೀವು ಕೇಳಿದ್ದೀರಾ?

ದಕ್ಷಿಣ ಲಿಬಿಯಾದ ಫೆಝಾನ್ ಪ್ರಾಂತಕ್ಕೆ ಬನ್ನಿ. ಉಬಾರಿಯ ಮರಳ ದಿಬ್ಬಗಳನ್ನು ಹತ್ತಿಳಿದರೆ ಖರ್ಜೂರದ ಮರಗಳ ನಡುವೆ ಒಮ್ಮೆಲೇ ನೀರು ಕಾಣಿಸುತ್ತದೆ. ಇದು ಕಬರ್ ಔನ್ ಸರೋವರ. ಅರ್ಥ ನಿಮಗೇ ಹೊಳೆದಿರಬಹುದು: ಔನ್ ಎಂಬವರ ಕಬರ್. ನೆಲದಡಿಯಿಂದ ಒಸರುವ ನೀರನ್ನು ಬಿಸಿಲು ಹೀರುತ್ತದೆ, ಉಪ್ಪು ಉಳಿಯುತ್ತದೆ. ಈ ಉಪ್ಪಿನಲ್ಲಿ ಮೀನು ಬದುಕದು. ಬದುಕುವುದು ಆರ್ಟೀಮಿಯಾ ಎಂಬ ಪುಟ್ಟ ಸಿಗಡಿ. ಉದ್ದ ಸುಮಾರು 1 ಸೆಂಟಿಮೀಟರ್, ಕಾಲುಗಳು 11 ಜೊತೆ. ಅಂಗಾತ ಈಜುತ್ತಾ ಪಾಚಿಯನ್ನು ಸೋಸಿ ತಿನ್ನುತ್ತದೆ.

ಇಲ್ಲಿನ ಜನರನ್ನು ಸುತ್ತಲಿನವರು 'ದವಾದ', ಅಂದರೆ ಹುಳ ತಿನ್ನುವವರು ಎಂದು ಕರೆದರು. ಆದರೆ ಆ 'ಹುಳ' ಒಳ್ಳೆಯ ಪೌಷ್ಟಿಕ ಆಹಾರ. ಅದನ್ನು ಹಿಡಿಯುವುದು ಮಹಿಳೆಯರದೇ ಕೆಲಸವಾಗಿತ್ತು. ಅವರು ಬಲೆ ಹಿಡಿದು ನೀರಿಗಿಳಿಯುತ್ತಿದ್ದರು. ಸಿಗಡಿಯನ್ನು ಅರೆದು, ಬಿಲ್ಲೆ ತಟ್ಟಿ ಬಿಸಿಲಿಗಿಡುತ್ತಿದ್ದರು. ಮನೆಯ ಊಟಕ್ಕೂ ಮಾರಾಟಕ್ಕೂ ಅದೇ ಆಗುತ್ತಿತ್ತು.

ಈ ಸಿಗಡಿಯ ಇನ್ನೊಂದು ಗುಣ ಕೇಳಿ. ಪರಿಸ್ಥಿತಿ ಚೆನ್ನಾಗಿದ್ದರೆ ತಾಯಿ ನೇರವಾಗಿ ಮರಿ ಹಾಕುತ್ತದೆ. ಉಪ್ಪು ಮಿತಿಮೀರಿದರೆ, ನೀರು ಬತ್ತುವಂತಾದರೆ ಗಟ್ಟಿ ಕವಚದ ಮೊಟ್ಟೆ ಇಡುತ್ತದೆ. ಒಣಗಿದ ಆ ಮೊಟ್ಟೆ ಸಾಸಿವೆಗಿಂತಲೂ ಎಷ್ಟೋ ಚಿಕ್ಕದು. ಆದರೂ ಅದರೊಳಗಿನ ಜೀವ ವರ್ಷಗಟ್ಟಲೆ ಕಾಯಬಲ್ಲದು. ತಕ್ಕ ಉಪ್ಪುನೀರು ಸಿಕ್ಕರೆ ಒಂದೆರಡು ದಿನದಲ್ಲಿ ಮರಿ ಹೊರಬರುತ್ತದೆ. ಇಂದು ಇಂತಹ ಮೊಟ್ಟೆಗಳು ಡಬ್ಬಿಗಳಲ್ಲಿ ದೇಶದೇಶಗಳಿಗೆ ಹೋಗುತ್ತವೆ. ನಮ್ಮ ದೇಶದ ಸಿಗಡಿ ಮರಿ ಕೇಂದ್ರಗಳಲ್ಲೂ ಎಳೆಯ ಮರಿಗಳಿಗೆ ಇದೇ ಆಹಾರ. ಒಂದು ಕಾಲದಲ್ಲಿ ಗೇಲಿಗೊಳಗಾದ ಹುಳಕ್ಕೆ ಈಗ ಬೆಲೆ ಬಂದಿದೆ!

ಆದರೆ ಅದನ್ನು ಮೊದಲೇ ಅರಿತಿದ್ದ ಮಹಿಳೆಯರು ಅಲ್ಲಿಲ್ಲ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಸರಕಾರ ಅವರನ್ನು ದಿಬ್ಬಗಳಾಚೆಯ ಹೊಸ ಮನೆಗಳಿಗೆ ಸಾಗಿಸಿತು. ಹಳೆಯ ಊರು ಪಾಳುಬಿದ್ದಿದೆ. ಹತ್ತಿರದ ಮಂದರಾ ಸರೋವರವಂತೂ ಅಂತರ್ಜಲ ಇಳಿದು ಬಹುಪಾಲು ಒಣಗಿಹೋಗಿದೆ.

ಮೊಟ್ಟೆಯೇನೋ ನೀರಿಗಾಗಿ ಕಾಯುತ್ತದೆ. ಆದರೆ ಅಜ್ಜಿಯ ಕೈಯಲ್ಲಿದ್ದ ಕಸುಬು ಹಾಗೆ ಕಾಯುವುದಿಲ್ಲ. ಮೊಮ್ಮಗಳು ಕಲಿಯದಿದ್ದರೆ ಅದು ಅಜ್ಜಿಯೊಂದಿಗೇ ಹೋಗುತ್ತದೆ. ನಿಮ್ಮ ಮನೆಯ ಅಜ್ಜಿಯನ್ನೂ ಇಂದೇ ಒಮ್ಮೆ ಕೇಳಿನೋಡಿ.