ಮೊಳದುದ್ದದ ನೋಟ

ಎಂಬತ್ತು ತುಂಬಿದ ವರ್ಷ ನನ್ನ ತಂದೆಯವರು ಬಯಸಿದ್ದು ಒಂದೇ: ನಮ್ಮ ಹಳೆಯ ಬಾವಿಯನ್ನು ಇನ್ನೊಮ್ಮೆ ನೋಡಬೇಕು. ಸೊನ್ನದಲ್ಲಿ ಭೀಮಾ ನದಿಗೆ ಬ್ಯಾರೇಜು ಕಟ್ಟಿದ ಮೇಲೆ ಹಿನ್ನೀರು ಏರಿ, ದಂಡೆಯ ಮೇಲಿದ್ದ ನಮ್ಮ ಹೊಲದ ತುಂಡಿನೊಡನೆ ಆ ಬಾವಿಯೂ ಮುಳುಗಿತ್ತು. ಬಾವಿಯೊಳಗೆ ನೀರಿರುವುದು ಲೋಕರೂಢಿ. ನಮ್ಮದು ನೀರೊಳಗಿನ ಬಾವಿ. ಹೂಳು ತುಂಬಿದ ಅದರ ಕಟ್ಟೆ ಮಾಘಮಾಸದಲ್ಲಿ ಎದೆಮಟ್ಟದ ನೀರಿನಡಿ ಇರುತ್ತದೆ. ತಂದೆಯವರು ನೀರಿಗಿಳಿಯುವಂತಿರಲಿಲ್ಲ. ಚಿತ್ರ ತೆಗೆದು ತರುವ ಹೊಣೆ ನನ್ನ ಮೇಲೆ ಬಿತ್ತು.

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ, ಕಡಲಿನಲ್ಲಿ ಮುಳುಗಿ ಚಿತ್ರ ತೆಗೆಯುವ ಮಿತ್ರರೊಬ್ಬರು ನನಗಿದ್ದಾರೆ. ಅವರಲ್ಲಿ ಕ್ಯಾಮೆರಾವನ್ನೂ ಅದನ್ನಿಡುವ ನೀರು ನುಗ್ಗದ ಪೆಟ್ಟಿಗೆಯನ್ನೂ ಎರವಲು ಕೇಳಿದೆ. ಪೆಟ್ಟಿಗೆಯ ಮುಂದೆ ಲೆನ್ಸು ಹೊರಗೆ ನೋಡಲು ಒಂದು ಕಿಟಕಿಯುಂಟು. ಅದಕ್ಕೆ ಪೋರ್ಟ್ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ಒಂದು ಕನ್ನಡಿಯಂತೆ ಚಪ್ಪಟೆ. ಇನ್ನೊಂದು ನಮ್ಮ ವಿಜಾಪುರದ ಗುಮ್ಮಟವನ್ನೇ ಕಿರಿದು ಮಾಡಿ ಮಲಗಿಸಿದಂತೆ. "ಗುಮ್ಮಟದ್ದನ್ನೇ ಒಯ್ಯಿರಿ" ಎಂದರು ಮಿತ್ರರು. ಅದರ ಬೆಲೆ ಕೇಳಿ, ಎಲ್ಲಿ ಗೀರು ಬಿದ್ದೀತೋ ಎಂದು ಅಂಜಿದ ನಾನು ಚಪ್ಪಟೆಯದನ್ನೂ ಸಣ್ಣ ಮೀನುಗಳ ಚಿತ್ರಕ್ಕೆಂದು ಅವರು ಬಳಸುವ 60 ಮಿ.ಮೀ. ಲೆನ್ಸನ್ನೂ ತಂದೆ.

ಅಂಬಿಗನೊಬ್ಬನನ್ನು ಜೊತೆಗೆ ಕರೆದುಕೊಂಡು ಹೊಳೆಗಿಳಿದೆ. ತೆಗೆದ ನಲವತ್ತು ಚಿತ್ರಗಳಲ್ಲಿಯೂ ಹಾಲು ಕಡಿಮೆಯಾದ ಚಹದ ಬಣ್ಣವಲ್ಲದೆ ಬೇರೇನೂ ಇರಲಿಲ್ಲ.

ತಪ್ಪು ಹೊಳೆಯದಲ್ಲ. ನೀರಿನಿಂದ ಚಪ್ಪಟೆ ಕಿಟಕಿಯನ್ನು ದಾಟಿ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ. ನಾಲ್ಕು ಅಡಿ ದೂರದ ವಸ್ತು ಮೂರೇ ಅಡಿಯಲ್ಲಿರುವಂತೆ ತೋರುತ್ತದೆ. ನೋಟದ ಹರವು ಕುಗ್ಗಿ, 60 ಮಿ.ಮೀ. ಲೆನ್ಸು 80ರಂತೆ ವರ್ತಿಸುತ್ತದೆ. ಬೆರಳುದ್ದದ ಮೀನಿಗೆ ಅದು ವರವೇ ಸರಿ. ಆದರೆ ಐದಡಿ ಅಗಲದ ಕಟ್ಟೆಯನ್ನು ಅದರಲ್ಲಿ ಹಿಡಿಸಬೇಕಾದರೆ ಹತ್ತು ಅಡಿಗೂ ಹೆಚ್ಚು ಹಿಂದೆ ಸರಿಯಬೇಕು. ಎರೆಮಣ್ಣಿನ ಸೀಮೆಯ ಭೀಮೆಯಲ್ಲಿ ಅಂದು ಕಣ್ಣಿಗೆ ಕಾಣುತ್ತಿದ್ದುದು ಮೊಳದುದ್ದ!

ಮತ್ತೆ ಮಿತ್ರರ ಬಾಗಿಲಿಗೆ ಹೋದೆ. ಅವರು ನಗಲಿಲ್ಲ, ಗುಮ್ಮಟವನ್ನೂ ಅಗಲ ನೋಟದ ಲೆನ್ಸನ್ನೂ ಕೊಟ್ಟು, "ಅಗಲ ಲೆನ್ಸು ಇರುವುದು ದೂರದ್ದನ್ನೆಲ್ಲ ಬಾಚಿಕೊಳ್ಳಲೆಂದಲ್ಲ. ನಡುವಣ ನೀರನ್ನು ಕಡಿಮೆ ಮಾಡಿಕೊಳ್ಳಲು" ಎಂದರು. ಗುಮ್ಮಟವು ಲೆನ್ಸಿನ ಹರವನ್ನು ಕುಗ್ಗಿಸದೆ ಉಳಿಸುತ್ತದೆ. ಆದರೆ ಅದಕ್ಕೂ ಒಂದು ಹಟವುಂಟು: ಎಷ್ಟೇ ದೂರದ ವಸ್ತುವಿರಲಿ, ಅದರ ಬಿಂಬವನ್ನು ತನ್ನೆದುರಿಗೇ, ತನ್ನ ತ್ರಿಜ್ಯದ ಮೂರು ಪಟ್ಟು ದೂರದೊಳಗೇ ನಿಲ್ಲಿಸುತ್ತದೆ. 10 ಸೆಂಟಿಮೀಟರ್ ತ್ರಿಜ್ಯದ ಗುಮ್ಮಟವಾದರೆ 30 ಸೆಂಟಿಮೀಟರ್ ಒಳಗೆ. ಆದುದರಿಂದ ಅಷ್ಟು ಸಮೀಪದ್ದನ್ನು ಸ್ಫುಟವಾಗಿ ಕಾಣಬಲ್ಲ ಲೆನ್ಸೇ ಅದರ ಹಿಂದೆ ಬೇಕು. ಚಿತ್ರದ ಮೂಲೆಗಳು ಮಸುಕಾಗದಿರಲು ಲೆನ್ಸಿನ ರಂಧ್ರವನ್ನು ಕಿರಿದು ಮಾಡಬೇಕು.

ಈ ಸಲ ನಡುಹಗಲಿನಲ್ಲಿ ಇಳಿದೆ. ಫ್ಲಾಶ್ ಹಾಕಿದರೆ ತೇಲುವ ಮಣ್ಣಿನ ಕಣಗಳೇ ನಕ್ಷತ್ರಗಳಂತೆ ಹೊಳೆಯುತ್ತಿದ್ದುವು; ಅದನ್ನು ಆರಿಸಿ ಬಿಸಿಲನ್ನೇ ನಂಬಿದೆ. ಕಟ್ಟೆಯನ್ನು ಕೈಯಿಂದ ತಡವಿ ಹುಡುಕಿ, ಕಲ್ಲಿಗೆ ಗೇಣುದ್ದದಲ್ಲಿ ಗುಮ್ಮಟವನ್ನು ಹಿಡಿದೆ.

ಸಂಜೆ ಚಿತ್ರವನ್ನು ತಂದೆಯವರ ಮುಂದಿಟ್ಟೆ. ಮುಂದೆ ಒಂದೇ ಒಂದು ಕಲ್ಲು ಸ್ಪಷ್ಟವಾಗಿತ್ತು. ಕಟ್ಟೆಯ ಉಳಿದ ಬಳಸು ಹಿಂದೆ ಹಿಂದೆ ಮಬ್ಬಿನಲ್ಲಿ ಕರಗಿಹೋಗಿತ್ತು. ಇಡೀ ಬಾವಿ ಬರಲಿಲ್ಲವೆಂದು ನಾನು ಸಂಕೋಚದಿಂದ ಹೇಳುತ್ತಿರುವಾಗಲೇ ಅವರ ಬೆರಳು ಕಲ್ಲಿನಂಚಿನ ಒಂದು ಸವೆತದ ಮೇಲೆ ನಿಂತಿತು.

"ನೋಡಪಾ, ಇದು ನಿಮ್ಮವ್ವನ ಹಗ್ಗ ತಿಂದ ಗುರ್ತು."

ತಾಯಿಯವರು ತೀರಿಕೊಂಡು ಅಂದಿಗೆ ಹನ್ನೊಂದು ವರ್ಷ. ಬಾವಿಯ ಉಳಿದ ಭಾಗವನ್ನು ತಂದೆಯವರು ಕೇಳಲಿಲ್ಲ.

ಸಾಮಾನು ಹಿಂದಿರುಗಿಸುವ ಮೊದಲು ನೋಡಿದರೆ, ನಾನು ಅಂಜಿದ್ದಂತೆಯೇ ಗುಮ್ಮಟದ ಹೊರಮೈಯಲ್ಲಿ ಸಣ್ಣದೊಂದು ಗೀರು. ತಲೆ ತಗ್ಗಿಸಿ ಒಪ್ಪಿಕೊಂಡೆ. ಮಿತ್ರರು ಅದರ ಮೇಲೆ ಹೆಬ್ಬೆರಳಾಡಿಸಿ, "ಇರಲಿ ಬಿಡಿ, ನೀರಿಗಿಳಿದರೆ ಇದು ಕಾಣುವುದಿಲ್ಲ, ನೀರೇ ತುಂಬಿಕೊಳ್ಳುತ್ತದೆ" ಎಂದರು.