ಅಪ್ಪನ ಕಣ್ಣು, ವ್ಯಾನಿನ ಲೈಟು

"ಮೀಟರ್ ಲೈಟ್ ಹೋಗ್ಯಾವಪಾ. ಸ್ಪೀಡ್ ಎಷ್ಟದ, ಡೀಸೆಲ್ ಎಷ್ಟದ, ರಾತ್ರಿ ಏನೂ ಕಾಣವಲ್ದು."

ಅಪ್ಪನ ಫೋನ್ ಬಂದಾಗ ನಾನು ಬೆಂಗಳೂರಿನ ಆಫೀಸಿನಲ್ಲಿ ಒಂದು ಮೀಟಿಂಗ್ ಮುಗಿಸಿ ಇನ್ನೊಂದಕ್ಕೆ ಓಡುತ್ತಿದ್ದೆ. "ಮೊದ್ಲು ಕಣ್ಣು ತೋರಿಸ್ಕೊಪಾ. 62 ಆದ್ವು ನಿನಗ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಆತು ಬಿಡು" ಅಂತ ಫೋನ್ ಇಟ್ಟ.

ಅಪ್ಪನದು ಬಟ್ಟೆ ವ್ಯಾಪಾರ. ಮನೆ ರಾಯಚೂರು. ವ್ಯಾಪಾರ ದೇವದುರ್ಗ, ಮಾನ್ವಿ ಕಡೆಯ ಸಂತೆ, ಜಾತ್ರೆಗಳಲ್ಲಿ. 20 ವರ್ಷ ಹಳೆಯ ಡೀಸೆಲ್ ವ್ಯಾನಿನ ಹಿಂದಿನ ಸೀಟು ಕಿತ್ತು ಹಲಗೆ ಮಂಚ ಹಾಕಿಸಿದ್ದಾನೆ. ಮಂಚದ ಕೆಳಗೆ ಬಟ್ಟೆ ಗಂಟು, ಮೂಲೆಯಲ್ಲಿ ಸಣ್ಣ ಗ್ಯಾಸ್ ಸ್ಟೋವು, ನೀರಿನ ಕ್ಯಾನು, ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಜಾತ್ರೆ ಇದ್ದರೆ ಮೂರ್ನಾಲ್ಕು ದಿನ ಅದೇ ಮನೆ. ನಾವು ಯೂಟ್ಯೂಬಿನಲ್ಲಿ ಆಸೆಪಟ್ಟು ನೋಡುವ ಮೋಟರ್‌ಹೋಮ್ ಅಪ್ಪನ ಹತ್ತಿರ ಯಾವತ್ತೋ ಇತ್ತು!

ಆ ಫೋನಿನ ನಂತರ ಅಪ್ಪ ಕತ್ತಲಾಗುವ ಮೊದಲೇ ಮನೆ ಸೇರತೊಡಗಿದ. ನಮ್ಮ ಕಡೆಯ ಬಿಸಿಲಿಗೆ ಜನ ಸಂತೆಗೆ ಬರೋದೇ ಇಳಿಹೊತ್ತಿನಲ್ಲಿ. ಆ ಹೊತ್ತಿಗೆ ಈತ ಗಂಟು ಕಟ್ಟುತ್ತಿದ್ದ. "ವ್ಯಾಪಾರ ಅರ್ಧ ಆಗ್ಯದ, ನಿಮ್ಮಪ್ಪ ಮಾತೂ ಕಮ್ಮಿ ಮಾಡ್ಯಾನ" ಅಂತ ಅವ್ವ ಹೇಳಿದಳು. ನಾನು ಮಾತ್ರ ಅಪ್ಪ ನನ್ನ ಮಾತು ಕೇಳಿದನಲ್ಲ ಅಂತ ಖುಷಿಯಲ್ಲಿದ್ದೆ. ವ್ಯಾನು ಮಾರೋಣ ಅಂತ ಫೋಟೋ ಕೂಡ ಆನ್‌ಲೈನ್‌ನಲ್ಲಿ ಹಾಕಿದ್ದೆ, ಅವನಿಗೆ ಹೇಳದೆ.

ದಸರಾ ರಜೆಗೆ ಊರಿಗೆ ಹೋದಾಗ ಇಬ್ಬರೂ ದೇವದುರ್ಗಕ್ಕೆ ಹೋದೆವು. ವಾಪಸ್ ಬರುವಾಗ ಸ್ಟೇರಿಂಗ್ ನನ್ನ ಕೈಲಿತ್ತು. ಗಬ್ಬೂರು ಇನ್ನೂ ಬಂದಿರಲಿಲ್ಲ. ಒಂದು ಕುಣಿಗೆ ಚಕ್ರ ಇಳಿಯಿತು. ಮೀಟರ್ ಲೈಟು ಮಂಕಾಗಿ, ಮಿನುಗಿ, ಆರಿಹೋಯಿತು. ನನ್ನ 30ರ ಕಣ್ಣಿಗೂ ಏನೂ ಕಾಣಲಿಲ್ಲ.

"ಈಗ ನಿನ್ನ ಕಣ್ಣೂ ತೋರಿಸ್ಬೇಕೇನು?" ಅಂದ ಅಪ್ಪ.

ಆಮೇಲೆ ಅವನೇ ಹೇಳಿದ: "ಮಾನ್ವಿ ದಾರ್‍ಯಾಗ ಇರ್ತಾವ. ಈ ದಾರ್‍ಯಾಗ ಕುಣಿ ಬಂದ್ಕೂಡ್ಲೆ ಹೋಗ್ತಾವ. ಇಂಡಿಕೇಟರ್ ಹಾಕಿದ್ರ ಮೀಟರೂ ಕಣ್ಣು ಹೊಡೀತದ. ಹೆಡ್‌ಲೈಟ್ ಹಚ್ಚಿದ್ರ ಡೀಸೆಲ್ ಮುಳ್ಳು ತಾನೇ ಜಿಗೀತದ."

ನಾಚಿಕೆ ಆಯಿತು. ತೊಂದರೆ ಎಲ್ಲಿ, ಯಾವಾಗ, ಏನು ಮಾಡಿದಾಗ ಬರುತ್ತೆ ಅಂತ ಇಷ್ಟು ಚೊಕ್ಕವಾಗಿ ಬರೆದುಕೊಡುವ ಒಬ್ಬ ಟೆಸ್ಟರ್ ಸಿಕ್ಕರೆ ನಮ್ಮ ಟೀಮಿನಲ್ಲಿ ಹಬ್ಬ. ಅಪ್ಪನನ್ನು ನಾನು ಕೇಳಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಮನೆ ಮುಂದೆ ಕೂತೆವು. ಹೆಚ್ಚಿನ ಹಳೆ ಗಾಡಿಗಳಲ್ಲಿ ಮೀಟರ್ ಲೈಟು, ಪಾರ್ಕಿಂಗ್ ಲೈಟು, ಹಿಂದಿನ ಕೆಂಪು ಲೈಟು ಒಂದೇ ಸ್ವಿಚ್ಚಿನಿಂದ ಹತ್ತುತ್ತವೆ. ಹಾಗಾಗಿ ಮೀಟರ್ ಲೈಟು ಆರಿದರೆ ಮೊದಲು ಕೆಳಗಿಳಿದು ಹಿಂದೆ ನೋಡಿ. ಹಿಂದಿನದೂ ಆರಿದ್ದರೆ ರಾತ್ರಿ ಬರುವ ಲಾರಿಗೆ ನೀವು ಕಾಣೋದಿಲ್ಲ. ನಮ್ಮದು ಉರಿಯುತ್ತಿತ್ತು, ಅಂದರೆ ಫ್ಯೂಸ್ ಸುಟ್ಟಿಲ್ಲ. ಆದರೆ ತೆಗೆದು ನೋಡಿದರೆ 10 ಆಂಪಿಯರ್ ಜಾಗದಲ್ಲಿ ಯಾರೋ 20ರದ್ದು ಚುಚ್ಚಿದ್ದರು. ಇದು ಅಪಾಯ. ಫ್ಯೂಸ್ ಹೋಗುವ ಮೊದಲು ವೈರೇ ಸುಡಬಹುದು. ಅದನ್ನು ಬದಲಿಸಿದೆ. ಬಲ್ಬುಗಳನ್ನು ಬಿಚ್ಚಿ ಬ್ಯಾಟರಿಗೆ ಹಿಡಿದರೆ ಎಲ್ಲವೂ ಹತ್ತಿದವು. ಬೆಳಕು ಹೆಚ್ಚು ಕಡಿಮೆ ಮಾಡುವ ತಿರುಪೂ ಸರಿ ಇತ್ತು.

ಉಳಿದದ್ದು ಒಂದೇ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಮೀಟರಿನ ಕಪ್ಪು ವೈರಿಗೆ ಹಿಡಿದು ಲೈಟ್ ಹಾಕಿದೆ. ಹೆಚ್ಚೂ ಕಡಿಮೆ ಸೊನ್ನೆ ಬರಬೇಕು. 4 ವೋಲ್ಟ್ ಬಂತು! 12 ವೋಲ್ಟ್ ಬೇಕಾದ ಬಲ್ಬಿಗೆ 8 ಅಷ್ಟೇ ಸಿಗುತ್ತಿತ್ತು. ಕರೆಂಟು ಹೋಗಲು ದಾರಿ ಇದೆ, ವಾಪಸ್ ಬರುವ ದಾರಿ ಕೆಟ್ಟಿದೆ. ಅದಕ್ಕೇ ಅದು ಇಂಡಿಕೇಟರಿನ, ಡೀಸೆಲ್ ಮುಳ್ಳಿನ ದಾರಿಯಲ್ಲಿ ನುಗ್ಗುತ್ತಿತ್ತು.

ಕಪ್ಪು ವೈರು ಹಿಡಿದು ಹೋದರೆ ಡ್ಯಾಶ್‌ಬೋರ್ಡಿನ ಕೆಳಗೆ ಎಡಮೂಲೆಯಲ್ಲಿ ಒಂದು ಬೋಲ್ಟು. ಮುಂದಿನ ಗಾಜಿನ ರಬ್ಬರು ಬಿರುಕು ಬಿಟ್ಟು ಮಳೆನೀರು ಅದರ ಮೇಲೆ ಇಳಿದು ತುಕ್ಕು ಹಿಡಿದಿತ್ತು. ಬೆರಳಲ್ಲೇ ಅಲ್ಲಾಡುತ್ತಿತ್ತು. ಬ್ಯಾಟರಿಯ ಮೈನಸ್ ಬಿಚ್ಚಿಟ್ಟು, ಸ್ಯಾಂಡ್ ಪೇಪರಿನಿಂದ ತಗಡು ಹೊಳೆಯುವವರೆಗೆ ಉಜ್ಜಿ, ವೈರಿನ ತುದಿಗೆ ಹೊಸ ಲಗ್ಗು ಒತ್ತಿ, ಹೊಸ ಬೋಲ್ಟು ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಖರ್ಚು 30 ರೂಪಾಯಿ. ಮತ್ತೆ ಅಳೆದರೆ ಮೀಟರಿನಲ್ಲಿ ಸೊನ್ನೆಯ ಹತ್ತಿರ.

ಗ್ಯಾರೇಜಿನವರು ಈ ಕನೆಕ್ಷನ್ನಿಗೆ 'ಅರ್ಥ್' ಅಂತಾರೆ. "ಅರ್ಥ್ ಸರಿ ಇರಲಿಲ್ಲಪಾ" ಅಂದೆ. ಟಾರ್ಚ್ ಹಿಡಿದು ಬಗ್ಗಿದ್ದ ಅಪ್ಪ, "ಅರ್ಥ ಆತಲ್ಲ ಈಗ?" ಅಂದ. ಯಾವುದರ ಬಗ್ಗೆ ಕೇಳಿದ ಅಂತ ನಾನು ಕೇಳಲಿಲ್ಲ. ಆನ್‌ಲೈನ್‌ನಲ್ಲಿ ಹಾಕಿದ್ದ ಫೋಟೋ ತೋರಿಸಿ, ಅವನ ಎದುರೇ ತೆಗೆದುಹಾಕಿದೆ. ಅಪ್ಪ ಬೈಯಲಿಲ್ಲ. "ಎಷ್ಟಕ್ಕ ಕೇಳಿದ್ರು?" ಅಂದ ಅಷ್ಟೇ.

ಸಂಜೆ ಅವನೇ ಹೊರಟ. "ನಡಿ, ಕಣ್ಣೂ ತೋರಿಸ್ಕೊಂಡು ಬರೂಣು." ಬಲಗಣ್ಣಿನಲ್ಲಿ ಪೊರೆ ಶುರುವಾಗಿದೆಯಂತೆ. ಆಪರೇಷನ್ ಈಗಲೇ ಬೇಡ, ಎದುರು ಗಾಡಿಯ ಲೈಟು ಕಣ್ಣಿಗೆ ಹೊಡೆಯುತ್ತೆ, ರಾತ್ರಿ ಓಡಿಸೋದು ಬೇಡ ಅಂದರು ಡಾಕ್ಟರು. "ಅದೂ ಖರೆ, ಇದೂ ಖರೆ" ಅಂತ ಅಪ್ಪ ನಕ್ಕ.

ಈಗ ಸಂತೆ ಪೂರ್ತಿ ಮುಗಿಯುವವರೆಗೆ ಇರ್ತಾನೆ. ರಾತ್ರಿ ಗಾಡಿ ಓಡಿಸಲ್ಲ, ಹಲಗೆ ಮಂಚದ ಮೇಲೆ ಮಲಗಿ ಬೆಳಕು ಹರಿದ ಮೇಲೆ ಹೊರಡ್ತಾನೆ. ಕೆಲವೊಮ್ಮೆ ಅವ್ವನೂ ಜೊತೆಗೆ ಹೋಗ್ತಾಳೆ.

ಮೊನ್ನೆ ರಾತ್ರಿ ಮಾನ್ವಿಯಿಂದ ಫೋನ್. "ಗಾಡಿಯಾಗ ಏನೋ ಸಪ್ಪಳ ಬರ್ತದಪಾ."

ಲ್ಯಾಪ್‌ಟಾಪ್ ಮುಚ್ಚಿದೆ. "ಯಾವಾಗ ಬರ್ತದ? ಎಲ್ಲಿ? ಏನು ಮಾಡಿದಾಗ? ಸಾವಕಾಶ ಹೇಳು" ಅಂದೆ.