ಒಬ್ಬರನ್ನೇ ನೋಡುತ್ತ 25 ವರ್ಷ

ಹೌರಾದಿಂದ ಬೆಳ್ಳಂಬೆಳಿಗ್ಗೆ ಹೊರಡುವ ಗಣದೇವತಾ ಎಕ್ಸ್‌ಪ್ರೆಸ್ಸಿಗೆ ಒಂದು ಕಾದಂಬರಿಯ ಹೆಸರು. ಬರೆದವರು ತಾರಾಶಂಕರ ಬಂದ್ಯೋಪಾಧ್ಯಾಯ. ಅದಕ್ಕೆ 1966ರ ಜ್ಞಾನಪೀಠ ಬಂತು, ಮರುವರ್ಷದ್ದು ನಮ್ಮ ಕುವೆಂಪು ಮತ್ತು ಗುಜರಾತಿಯ ಉಮಾಶಂಕರ ಜೋಶಿ ಅವರಿಗೆ. ಕುವೆಂಪು ಹೆಸರಿನ ರೈಲು ಈಗ ನಮಗೂ ಇದೆ, ಮೈಸೂರು–ತಾಳಗುಪ್ಪದ್ದು. ಆದರೆ ‘ಕಾನೂರು ಹೆಗ್ಗಡಿತಿ ಎಕ್ಸ್‌ಪ್ರೆಸ್’ ಎಂಬ ಬೋರ್ಡು ತಗುಲಿಸಿಕೊಂಡು ಮಲೆನಾಡಿಗೆ ಓಡುವ ರೈಲು ಇನ್ನೂ ಹುಟ್ಟಿಲ್ಲ.

ನಾನು ಹೊರಟಿದ್ದು ರಾಮ್‌ಪುರಹಾಟ್‌ಗೆ. ಊರಿನ ಹೆಸರು ಹೇಳಿದ ಕೂಡಲೇ ಅಕ್ಕಪಕ್ಕದವರು ‘ತಾರಾಪೀಠಕ್ಕಾ?’ ಎಂದರು. ಅವರು ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ, ಆ ಸ್ಟೇಷನ್ನಿನಲ್ಲಿ ಇಳಿಯುವ ಪರಊರಿನವರು ಹೆಚ್ಚಾಗಿ ದೇವಿಯ ದರ್ಶನಕ್ಕೇ ಬಂದವರು. ನನ್ನ ಹರಕೆ ಬೇರೆಯಿತ್ತು. 1968ರಲ್ಲಿ ಕಲ್ಕತ್ತದ ಒಬ್ಬ ರಂಗನಟರು, ಯಾರೋ ಟ್ಯಾಕ್ಸಿಯಲ್ಲಿ ಮರೆತುಹೋದ ಕ್ಯಾಮೆರಾವೊಂದನ್ನು ಹೆಗಲಿಗೆ ಹಾಕಿಕೊಂಡು ಇಲ್ಲಿಗೆ ಬಂದು ಸತ್ಯಜಿತ್ ರೇ ಅವರ ಫೋಟೊ ತೆಗೆದರು. ಅಲ್ಲಿಂದ ಮುಂದೆ ಹೆಚ್ಚುಕಡಿಮೆ 25 ವರ್ಷ, ರೇ ತೀರಿಕೊಳ್ಳುವವರೆಗೂ, ತೆಗೆಯುತ್ತಲೇ ಇದ್ದರು. ಅವರ ಹೆಸರು ನಿಮಾಯ್ ಘೋಷ್. (ಕನ್ನಡದ ಹಳೆಯ ಸಿನಿಮಾಪ್ರಿಯರು ಗಲಿಬಿಲಿಗೊಳ್ಳಬೇಕಿಲ್ಲ. ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಗೆ ಕ್ಯಾಮೆರಾ ಹಿಡಿದ ನಿಮಾಯ್ ಘೋಷ್ ಬೇರೆಯವರು, ‘ಛಿನ್ನಮೂಲ್’ ನಿರ್ದೇಶಿಸಿ ಮದ್ರಾಸಿಗೆ ಬಂದು ನೆಲೆಸಿದವರು.)

ಬರ್ಧಮಾನ್ ದಾಟಿದ ಮೇಲೆ ಕಿಟಕಿಯಾಚೆ ಬರೀ ಗದ್ದೆ. ಝಾಲ್‌ಮುಡಿಯವನು ಡಬ್ಬಿಗೆ ಮಂಡಕ್ಕಿ ಸುರಿದು, ಸಾಸಿವೆ ಎಣ್ಣೆ ಬಿಟ್ಟು, ಕೊಬ್ಬರಿ ಚೂರು ಹಾಕಿ ಗಡಗಡ ಅಲ್ಲಾಡಿಸಿ ಕಾಗದದ ಪೊಟ್ಟಣದಲ್ಲಿ ಕೊಟ್ಟ. ನಮ್ಮ ಮಂಡಕ್ಕಿಗೆ ಈ ಮೂಗಿಗೇರುವ ಘಾಟು ಇಲ್ಲ. ಏಕತಾರಿ ಹಿಡಿದ ಬಾವುಲನೊಬ್ಬ ಹತ್ತಿ, ಹಾಡಿ, ಚಿಲ್ಲರೆ ಎತ್ತಿ ಇಳಿದುಹೋದ. ಅಜಯ್ ನದಿಯ ಸೇತುವೆ ಕಳೆದರೆ ಬೋಲ್‌ಪುರ. 1940ರಲ್ಲಿ ರೇ ಚಿತ್ರಕಲೆ ಕಲಿಯಲು ಶಾಂತಿನಿಕೇತನಕ್ಕೆ ಬಂದಿಳಿದದ್ದು ಇದೇ ಸ್ಟೇಷನ್ನಿನಲ್ಲಿ. ಇಲ್ಲಿಂದ ಮಣ್ಣಿನ ಬಣ್ಣ ಬದಲಾಗುತ್ತದೆ, ತೀರ್ಥಹಳ್ಳಿ ಕಡೆಯ ಧರೆ ಕಡಿದ ಹಾಗೆ ಕೆಂಪಗೆ.

ರಾಮ್‌ಪುರಹಾಟ್‌ನಲ್ಲಿ ‘ಟೊಟೊ’ ಹಿಡಿದೆ. ಬ್ಯಾಟರಿ ರಿಕ್ಷಾಕ್ಕೆ ಬಂಗಾಳವೆಲ್ಲ ಹಾಗೇ ಅನ್ನುವುದು. ರೇ ಅವರ ‘ಗೂಪಿ ಗಾಯೇನ್ ಬಾಘಾ ಬಾಯೇನ್’ ಶೂಟಿಂಗ್ ಆದ ಕಡೆ ಕರೆದುಕೊಂಡು ಹೋಗಪ್ಪ ಎಂದರೆ ಡ್ರೈವರ್ ಹುಡುಗನಿಗೆ ಹಿಗ್ಗೋ ಹಿಗ್ಗು. ಸಿನಿಮಾದ ಹಾಡು ಶುರುಮಾಡಿದವನು ಊರು ದಾಟಿದರೂ ನಿಲ್ಲಿಸಲಿಲ್ಲ. ಅವನ ತಂದೆಯೇ ಆಗಿನ್ನೂ ಹುಟ್ಟಿರಲಿಕ್ಕಿಲ್ಲ. ಆದರೂ ರೇ ಅವರ ತಾತ ಉಪೇಂದ್ರಕಿಶೋರ ರಾಯಚೌಧುರಿ ಮಕ್ಕಳಿಗೆಂದು ಬರೆದ ಆ ಕತೆ, ಬೇಸುರ ಹಾಡುವ ಗೂಪಿ, ತಾಳ ತಪ್ಪಿಸುವ ಬಾಘಾ, ವರ ಕೊಡುವ ಭೂತರಾಜ, ಎಲ್ಲ ಅವನಿಗೆ ಮನೆಯವರಷ್ಟೇ ಪರಿಚಿತರು. ಯಾವ ಬಿದಿರು ಮೆಳೆಯಲ್ಲಿ ಶೂಟಿಂಗ್ ಆಯಿತು ಎಂಬುದು ಮಾತ್ರ ಅವನಿಗೂ ಗೊತ್ತಿರಲಿಲ್ಲ. ಕೊನೆಗೆ ಕೆರೆ, ತಾಳೆಮರ, ಬಿದಿರು ಮೂರೂ ಇದ್ದ ಒಂದು ಕಡೆ ಬ್ರೇಕ್ ಹಾಕಿ, ‘ಇದೇ ಅಂತ ಇಟ್ಕೊಳ್ಳಿ ದಾದಾ’ ಎಂದ. ಇಟ್ಟುಕೊಂಡೆ. ಎಲೆಯ ತುದಿಯಿಂದ ಹನಿಯೊಂದು ಬಾಘಾನ ಡೋಲಿನ ಮೇಲೆ ಟಪ್ಪೆಂದು ಬೀಳುವ ದೃಶ್ಯ ನೆನಪಾಯಿತು.

ಕ್ಯಾಮೆರಾ ಸಿಕ್ಕಿದ ಕತೆಯನ್ನು ನಿಮಾಯ್ ಅವರೇ ಹೇಳಿಕೊಳ್ಳುತ್ತಿದ್ದರು. ಟ್ಯಾಕ್ಸಿಯಲ್ಲಿ ಸಿಕ್ಕ ಕ್ಯಾನನೆಟ್ ಕ್ಯೂಎಲ್ 17 ಗೆಳೆಯನೊಬ್ಬನ ಕೈಸೇರಿತ್ತು, ಆ ಗೆಳೆಯ ಇವರಿಗೆ ದುಡ್ಡು ಕೊಡಬೇಕಿತ್ತು, ಸಾಲಕ್ಕೆ ಕ್ಯಾಮೆರಾ ವಜಾ. ಅಲ್ಲಿಯತನಕ ಅವರಿಗೆ ನಾಟಕವೇ ಸರ್ವಸ್ವ. ಉತ್ಪಲ್ ದತ್ ಅವರ ಲಿಟಲ್ ಥಿಯೇಟರ್ ಗ್ರೂಪಿನಲ್ಲಿ, ಆಮೇಲೆ ‘ಚಲಾಚಲ್’ ತಂಡದಲ್ಲಿ ಇದ್ದವರು. ಬಾಘಾನ ಪಾತ್ರದ ರೋಬಿ ಘೋಷ್ ಹಳೆಯ ಒಡನಾಡಿ. ಗೆಳೆಯ ಇದ್ದಾನಲ್ಲ ಎಂದು ಶೂಟಿಂಗ್ ನೋಡಲು ಬಂದವರು ರೇ ನಟರಿಗೆ ಹೇಳಿಕೊಡುವುದನ್ನು, ಓಡಾಡುವುದನ್ನು ತೆಗೆದುಕೊಂಡು ಹೋದರು. ಪ್ರಿಂಟುಗಳನ್ನು ನೋಡಿದ ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಅವರನ್ನು ರೇ ಮುಂದೆ ನಿಲ್ಲಿಸಿದರು. ನೀವು ನನ್ನ ಆ್ಯಂಗಲ್‌ಗಳನ್ನೇ ಹೊಡೆದಿದ್ದೀರಲ್ಲ ಎಂಬರ್ಥದ ಮಾತು ರೇ ಬಾಯಿಂದ ಬಂತಂತೆ. ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯುತ್ತ ವೃತ್ತಿ ಶುರುಮಾಡಿ, ಒಂದೊಂದು ಫ್ರೇಮನ್ನೂ ಮೊದಲೇ ಕಾಗದದ ಮೇಲೆ ಬಿಡಿಸಿಟ್ಟುಕೊಳ್ಳುತ್ತಿದ್ದ ಮನುಷ್ಯ ಆಡಿದ ಮಾತು ಇದು. ಹೊಸಬನಿಗೆ ಇನ್ನೇನು ಬೇಕು?

ಆ ಕ್ಯಾನನೆಟ್ಟಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅದರ ಲೆನ್ಸ್ ಬಿಚ್ಚಿ ಬದಲಾಯಿಸುವ ಹಾಗಿಲ್ಲ. ಮುಖ ದೊಡ್ಡದಾಗಿ ಬೇಕೆಂದರೆ ಜೂಮ್ ಇಲ್ಲ, ಟೆಲಿಫೋಟೊ ಇಲ್ಲ, ನಾಲ್ಕು ಹೆಜ್ಜೆ ಹತ್ತಿರ ಹೋಗಬೇಕು. ಆರು ಅಡಿಗೂ ಎತ್ತರದ, ಗಡಸು ದನಿಯ, ಕೆಲಸಕ್ಕೆ ನಿಂತರೆ ಅತ್ತಿತ್ತ ನೋಡದ ವ್ಯಕ್ತಿಯ ಹತ್ತಿರ. ಎರಡನೆಯದು, ಅದರ ಶಟರಿನ ಸದ್ದು ತೀರಾ ಮೆಲು. ಹತ್ತಿರ ಹೋಗಬೇಕು, ಹೋದದ್ದು ಗೊತ್ತಾಗಬಾರದು. ಮುಂದೆ ಒಳ್ಳೆಯ ಕ್ಯಾಮೆರಾಗಳು ಬಂದವು, ಆದರೆ ಮೊದಲ ಪಾಠ ಈ ಅಬ್ಬೇಪಾರಿ ಡಬ್ಬಿಯದು ಎಂದೇ ನನಗನ್ನಿಸುತ್ತದೆ. ಎರಡನೆಯ ಪಾಠ ರಂಗಮಂಚದ್ದು. ಸಹನಟನ ಬೆಳಕಿಗೆ ಅಡ್ಡ ಬರದ ಹಾಗೆ ಎಲ್ಲಿ ನಿಲ್ಲಬೇಕು ಎಂಬುದು ನಾಟಕದವರಿಗೆ ಮೈಗೆ ಹತ್ತಿದ ವಿದ್ಯೆ. ಸೆಟ್ಟಿನಲ್ಲಿ ಬೆಳಕಿನವರು, ಟ್ರಾಲಿ ತಳ್ಳುವವರು, ನಟರು, ನೋಡಲು ನೆರೆದ ಜನ, ಇಷ್ಟರ ನಡುವೆ ಯಾರಿಗೂ ಎಡತಾಕದೆ ವರ್ಷಗಟ್ಟಲೆ ನಿಲ್ಲುವುದೆಂದರೆ ಅದೂ ಒಂದು ಪಾತ್ರವೇ.

ಕಲ್ಕತ್ತಕ್ಕೆ ಮರಳಿ ನೇತಾಜಿ ಭವನ ಮೆಟ್ರೊ ಸ್ಟೇಷನ್ನಿನಲ್ಲಿ ಇಳಿದೆ. ದೇಶದ ಮೊಟ್ಟಮೊದಲ ಮೆಟ್ರೊ 1984ರಲ್ಲಿ ಓಡಿದ್ದು ಎಸ್‌ಪ್ಲನೇಡಿನಿಂದ ಇಲ್ಲಿಯವರೆಗೆ, ಆಗ ಇದು ಭವಾನಿಪುರ ಸ್ಟೇಷನ್. ಎಲ್ಗಿನ್ ರೋಡಿನಲ್ಲಿ ಸುಭಾಷ್ ಬೋಸರ ಮನೆ ದಾಟಿ ಒಳಕ್ಕೆ ತಿರುಗುತ್ತ ಹೋದರೆ ಬಿಷಪ್ ಲೆಫ್ರಾಯ್ ರೋಡ್. 1/1ನೇ ನಂಬರಿನ ಹಳೆಯ ಕಟ್ಟಡದ ಮನೆಗೆ ರೇ ಬಂದದ್ದು 1970ರಲ್ಲಿ, ಕೊನೆಯವರೆಗೂ ಇದ್ದದ್ದು ಇಲ್ಲೇ. ಅದು ಈಗಲೂ ಸಂಸಾರ ಇರುವ ಮನೆ, ಮ್ಯೂಸಿಯಂ ಅಲ್ಲ, ಹಾಗಾಗಿ ಒಳಹೋಗುವ ಆಸೆಯಿಟ್ಟುಕೊಂಡಿರಲಿಲ್ಲ. ಎದುರು ಫುಟ್‌ಪಾತಿನಲ್ಲಿ ನಿಂತು ಕಿಟಕಿಗಳನ್ನು ನೋಡಿದೆ. ತಮಾಷೆಯೆಂದರೆ ಒಳಗಿನ ಕೋಣೆ ನನಗೆ ಚೆನ್ನಾಗಿ ಗೊತ್ತು. ಕುರ್ಚಿ ಎಲ್ಲಿದೆ, ಪಿಯಾನೊ ಹೇಗಿದೆ, ಪುಸ್ತಕಗಳು ಕಪಾಟು ಮೀರಿ ಎಲ್ಲೆಲ್ಲಿ ಗುಡ್ಡೆಬಿದ್ದಿವೆ, ಕಿಟಕಿಯ ಬೆಳಕು ಕುರ್ಚಿಯ ಯಾವ ಮಗ್ಗುಲಿಗೆ ಬೀಳುತ್ತದೆ, ಎಲ್ಲ ಗೊತ್ತು. ನನಗಷ್ಟೇ ಅಲ್ಲ, ರೇ ಬಗ್ಗೆ ಒಂದು ಪುಸ್ತಕ ತಿರುವಿದ ಯಾರಿಗೂ ಗೊತ್ತು. ನಿಮಾಯ್ ಘೋಷ್ ಆ ಕೋಣೆಯನ್ನು ಅಷ್ಟು ಸಲ ತೋರಿಸಿಬಿಟ್ಟಿದ್ದಾರೆ.

ಕಾಲೆತ್ತಿ ಚಾಚಿ, ತೊಡೆಯ ಮೇಲೆ ಹಲಗೆಯಿಟ್ಟು ಬರೆಯುತ್ತಿರುವ ರೇ. ಅದೇ ಕುರ್ಚಿಯಲ್ಲಿ ಪೋಸ್ಟರಿಗೆ ಅಕ್ಷರ ಬಿಡಿಸುತ್ತಿರುವ ರೇ. ‘ಸಂದೇಶ್’ ಪತ್ರಿಕೆಗೆ ತಮ್ಮ ಪತ್ತೇದಾರ ಫೆಲೂದಾನ ಕತೆಗಳ ಚಿತ್ರ ಬರೆಯುತ್ತಿರುವ, ಪಿಯಾನೊ ಮುಂದೆ ಸ್ವರ ಹುಡುಕುತ್ತಿರುವ, ಬಾಯಲ್ಲಿ ಪೈಪು ಕಚ್ಚಿಕೊಂಡು ಫೋನಿನಲ್ಲಿ ಮಾತಾಡುತ್ತಿರುವ ರೇ. ಚಿತ್ರಕತೆ ಬರೆಯಲು ಅವರು ಬಳಸುತ್ತಿದ್ದದ್ದು ಖೇರೊರ್ ಖಾತಾ, ಕೆಂಪು ಬಟ್ಟೆ ಹೊದಿಸಿ ದಾರದಲ್ಲಿ ಹೊಲಿದ, ಬಂಗಾಳಿ ಅಂಗಡಿಗಳವರು ವರ್ಷದ ಮೊದಲ ದಿನ ಪೂಜೆ ಮಾಡಿ ಲೆಕ್ಕ ಶುರುಮಾಡುವ ಕಿರ್ದಿ ಪುಸ್ತಕ. ಎಣ್ಣೆ, ಬೇಳೆ, ಬೆಲ್ಲದ ಬಾಕಿ ಬರೆಯಬೇಕಾದ ಹಾಳೆಗಳಲ್ಲಿ ಒಂದು ಕಡೆ ಸಂಭಾಷಣೆ, ಪಕ್ಕದಲ್ಲಿ ಉಡುಪಿನ ಚಿತ್ರ, ಅಂಚಿನಲ್ಲಿ ಸಂಗೀತದ ಸ್ವರಗಳು. ಶೂಟಿಂಗಿನ ಫೋಟೊಗಳಲ್ಲೂ ಈ ಪುಸ್ತಕ ಕಂಕುಳಲ್ಲೋ ಕೈಯಲ್ಲೋ ಇರುತ್ತದೆ.

ಫ್ಲ್ಯಾಶ್ ಹಚ್ಚುವುದಿಲ್ಲ ಎಂಬುದು ನಿಮಾಯ್ ಅವರ ವ್ರತವಾಗಿತ್ತು. ಮನೆಯಲ್ಲಾದರೆ ಕಿಟಕಿಯಿದೆ, ಸ್ಟುಡಿಯೊದಲ್ಲಿ? ಅಲ್ಲಿ ನನಗೆ ನಿಜಕ್ಕೂ ಬೆರಗು ಹುಟ್ಟಿಸುವ ಒಂದು ಸಂಗತಿಯಿದೆ. 1956ರ ‘ಅಪರಾಜಿತೊ’ಗಾಗಿ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೊದೊಳಗೆ ಕಟ್ಟಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ನೇರ ನಟರ ಮೇಲೆ ಬಿಡದೆ ಬಟ್ಟೆಗೆ ಹೊಡೆದು, ತಿರುಗಿ ಬಿದ್ದ ಮೆದು ಬೆಳಕಿನಲ್ಲಿ ಚಿತ್ರೀಕರಿಸಿದರು. ನೆರಳು ಕತ್ತರಿಸಿದಂತೆ ಬೀಳದ, ಮೋಡ ಕವಿದ ಹಗಲಿನ ಬೆಳಕು. ಮುಂದೆ ಸೌಮೇಂದು ರಾಯ್ ಕಾಲದಲ್ಲೂ ರೇ ಸೆಟ್ಟುಗಳ ಬೆಳಕು ಇದೇ ಜಾಡಿನದು. ಇಂಥ ಬೆಳಕು ನಟರ ಮುಖಕ್ಕಷ್ಟೇ ನಿಲ್ಲುವುದಿಲ್ಲ, ಪಕ್ಕದಲ್ಲಿ ಕ್ಯಾಮೆರಾಕ್ಕೆ ಕಣ್ಣಿಟ್ಟು ಕೂತವರ ಮೇಲೂ ಹರಿಯುತ್ತದೆ. ಅರವತ್ತರ ದಶಕದ ನಡುವಿನಿಂದ ಕ್ಯಾಮೆರಾ ನಡೆಸುತ್ತಿದ್ದವರು ರೇ ಅವರೇ. ಅಂದರೆ, ತಮ್ಮ ಪಾತ್ರಗಳಿಗೆಂದು ರೇ ಹಾಸಿದ ಬೆಳಕಿನಲ್ಲೇ ನಿಮಾಯ್ ಅವರಿಗೆ ರೇ ಸಿಕ್ಕರು.

ರೇ ಅವರ ಚಿತ್ರಗಳೇ 90,000ಕ್ಕೂ ಹೆಚ್ಚು ಎಂಬುದು ರೂಢಿಯಲ್ಲಿರುವ ಲೆಕ್ಕ. ರೋಲಿಗೆ 36ರಂತೆ ಹಿಡಿದರೆ 2,500 ರೋಲು. ಡಿಜಿಟಲ್ಲಿಗೆ ಅವರು ಕಡೆಗೂ ಹೋಗಲಿಲ್ಲ. ಫಿಲಂ ತೊಳೆದು, ಪ್ರಿಂಟ್ ಹಾಕಿ ನೋಡುವ ತನಕ ಏನು ಬಂದಿದೆ ಎಂದು ತಿಳಿಯದ ಕೆಲಸ. ನಮ್ಮ ಟಿ.ಎಸ್. ಸತ್ಯನ್ ಮೈಸೂರಿನಿಂದ ಹೊರಟು ದೇಶವನ್ನೆಲ್ಲ ಸುತ್ತಿ ಲೆಕ್ಕವಿಲ್ಲದಷ್ಟು ಮುಖಗಳನ್ನು ಹಿಡಿದು ತಂದವರು. ಪೇಪರಿನ ಫೋಟೊಗ್ರಾಫರನ ದಾರಿ ಸಾಮಾನ್ಯವಾಗಿ ಅದೇ. ಒಂದೇ ಮುಖದ ಮುಂದೆ ಕಾಲು ಶತಮಾನ ಕೂರುವುದಕ್ಕೆ ಬೇರೆಯೇ ಹಸಿವು ಬೇಕು. ಶುರುವಾದಾಗ ರೇ ವಯಸ್ಸು 47. ಪಲಾಮು ಕಾಡಿನ ‘ಅರಣ್ಯೇರ್ ದಿನ್ ರಾತ್ರಿ’, ಜೈಸಲ್ಮೇರಿನ ಮರಳಿನ ‘ಸೋನಾರ್ ಕೆಲ್ಲಾ’ ಕಾಲದ ಚಿತ್ರಗಳಲ್ಲಿ ಮನುಷ್ಯ ನೆಲದ ಮೇಲೆ ಮಲಗಿಯಾದರೂ ಸರಿ, ಗಾಡಿ ಮೇಲೆ ನಿಂತಾದರೂ ಸರಿ, ಶಾಟ್ ತೆಗೆಯುವ ಹುರುಪಿನಲ್ಲಿದ್ದಾರೆ. 1983ರಲ್ಲಿ ‘ಘರೇ ಬಾಯಿರೇ’ ನಡೆಯುತ್ತಿದ್ದಾಗ ಹೃದಯಾಘಾತವಾಯಿತು. 1989ರ ‘ಗಣಶತ್ರು’ ಪೂರ್ತಿ ಒಳಾಂಗಣದ್ದು. ಕೆನ್ನೆ ಒಳಸರಿದಿದೆ, ಜುಬ್ಬಾ ಹೆಗಲಿನಲ್ಲಿ ಸಡಿಲವಾಗಿದೆ, ಕೂದಲು ಹಗುರಾಗಿದೆ. ಕಣ್ಣು ಮಾತ್ರ ಹಿಂದಿನಂತೆಯೇ ಎದುರಿಗಿರುವ ಇನ್ನೇನನ್ನೋ ನೆಟ್ಟು ನೋಡುತ್ತಿದೆ. ನಮ್ಮನ್ನಲ್ಲ, ನಿಮಾಯ್ ಅವರನ್ನೂ ಅಲ್ಲ.

ಇದು ಇಬ್ಬರೂ ಕೂಡಿ ಮಾಡಿದ ಕೆಲಸ. ಫೋಟೊ ತೆಗೆಸಿಕೊಳ್ಳುವವರ ಕೊಡುಗೆ ಪೋಸು ಕೊಡುವುದೊಂದೇ ಎಂದುಕೊಂಡಿದ್ದೇವೆ, ನಮ್ಮ ಮದುವೆಮನೆಗಳೇ ಸಾಕ್ಷಿ. ರೇ ಕೊಟ್ಟದ್ದು ಅದಕ್ಕಿಂತ ಕಷ್ಟದ್ದು. ಒಬ್ಬ ಮನುಷ್ಯ ಯಾವಾಗ ಬೇಕಾದರೂ ತನ್ನ ಕೋಣೆಗೆ ಬರಬಹುದು, ತಾನು ಬರೆಯುವಾಗ, ತಡಕಾಡುವಾಗ, ದಣಿದು ಕೂತಾಗ ನೋಡಬಹುದು, ತಾನು ತಿರುಗಿ ನೋಡುವುದಿಲ್ಲ ಎಂಬ ಒಪ್ಪಂದ. ಬರವಣಿಗೆ ಮಾಡುವವರನ್ನು ಕೇಳಿ, ಬೆನ್ನಹಿಂದೆ ಒಬ್ಬರು ನಿಂತರೆ ಒಂದು ವಾಕ್ಯ ಮುಂದೆ ಹೋಗುವುದಿಲ್ಲ. ರೇ ಸುಮ್ಮನೆ ಸಹಿಸಿಕೊಂಡರೆನ್ನಲಾರೆ. ಡಾ. ಜಾನ್ಸನ್ನರಿಗೆ ಬಾಸ್ವೆಲ್ ಇದ್ದಂತೆ ತನಗೆ ನಿಮಾಯ್, ಲೇಖನಿಯ ಬದಲು ಕ್ಯಾಮೆರಾ ಅಷ್ಟೆ ಎಂಬ ಅರ್ಥದಲ್ಲಿ ಅವರೇ ಬರೆದರು. 1991ರಲ್ಲಿ ಬಂದ ‘ಸತ್ಯಜಿತ್ ರೇ ಅಟ್ 70’ ಪುಸ್ತಕಕ್ಕೆ ಮುನ್ನುಡಿ ಹೆನ್ರಿ ಕಾರ್ಟಿಯೆ-ಬ್ರೆಸಾನ್ ಅವರದು. ಕ್ಷಣವನ್ನು ಹಾರಿ ಹಿಡಿಯುವುದಕ್ಕೆ ಜಗತ್ತಿಗೇ ಹೆಸರಾದವರು, ಒಂದೇ ಕಡೆ ಕಾದು ಕೂತವರ ಪುಸ್ತಕಕ್ಕೆ ಬರೆದದ್ದು ನನಗೆ ಖುಷಿ ಕೊಡುವ ವಿಷಯ.

1992ರ ಏಪ್ರಿಲ್ 23ರಂದು ರೇ ಹೋದರು. 2010ರಲ್ಲಿ ನಿಮಾಯ್ ಅವರಿಗೆ ಪದ್ಮಶ್ರೀ ಬಂತು. ಅವರು ತೀರಿಕೊಂಡದ್ದು 2020ರ ಮಾರ್ಚ್ 25ರಂದು, ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡ ಲಾಕ್‌ಡೌನಿನ ಮೊದಲ ದಿನ.

ಕಾಲೇಜ್ ಸ್ಟ್ರೀಟಿನಲ್ಲಿ ಹಳೆ ಪುಸ್ತಕದ ಅಂಗಡಿಯವರೊಬ್ಬರನ್ನು ನಿಮಾಯ್ ಪುಸ್ತಕಗಳಿವೆಯೇ ಎಂದು ಕೇಳಿದೆ. ರೇ ಪುಸ್ತಕಗಳ ರಾಶಿ ತೋರಿಸಿದರು. ಅವಲ್ಲ, ರೇ ಹೋದ ಮೇಲೆ ತೆಗೆದದ್ದು ಎಂದೆ. ಮುದುಕರು ಕನ್ನಡಕ ಹಣೆಗೇರಿಸಿ ನನ್ನನ್ನು ಒಂದು ಕ್ಷಣ ನೋಡಿ, ಏಣಿ ಹತ್ತಿ ಧೂಳು ಕೊಡವುತ್ತ ‘ಫೇಸಸ್ ಆಫ್ ಇಂಡಿಯನ್ ಆರ್ಟ್’ ಇಳಿಸಿದರು. ದೇಶದ ಚಿತ್ರಕಾರರನ್ನು, ಶಿಲ್ಪಿಗಳನ್ನು ಅವರವರ ಕೆಲಸದ ಜಾಗಕ್ಕೇ ಹೋಗಿ ತೆಗೆದ ಚಿತ್ರಗಳು. ನಿಂತಲ್ಲೇ ತಿರುವಿದೆ. ಒಬ್ಬರು ಕ್ಯಾನ್ವಾಸಿಗೆ ಮುಖವಿಟ್ಟಿದ್ದಾರೆ, ಇನ್ನೊಬ್ಬರ ತಲೆ ಕಾಗದದ ಮೇಲೆ ಬಾಗಿದೆ. ಮಾಣಿಕ್‌ದಾ, ಅಂದರೆ ರೇ, ಇಲ್ಲವಾದ ಮೇಲೂ ಈ ಮನುಷ್ಯ ಹುಡುಕಿಕೊಂಡು ಹೋದದ್ದು ತನ್ನತ್ತ ತಿರುಗದವರನ್ನೇ. ಬೆಲೆಯಲ್ಲಿ ಮುದುಕರು ಒಂದು ರೂಪಾಯಿ ಇಳಿಸಲಿಲ್ಲ. ‘ಬೆಂಗಳೂರಿನವರಾ? ಅಲ್ಲಿಯೂ ಇವರನ್ನು ಕೇಳುವವರಿದ್ದಾರಾ?’ ಎನ್ನುತ್ತ ‘ಆನಂದಬಜಾರ್’ ಹಾಳೆಯಲ್ಲಿ ಸುತ್ತಿ, ಸೆಣಬಿನ ಹುರಿ ಬಿಗಿದು, ವಿಮಾನದವರು ತೂಕಕ್ಕೆ ಹಾಕಿದರೆ ತಮ್ಮನ್ನು ಬಯ್ಯಬಾರದೆಂದು ಹೇಳಿ ಕೊಟ್ಟರು.